ಅಂಗಡಿಯಲ್ಲಿ ಸರಿ, ಮನೆಯಲ್ಲಿ ಆಫ್: ಕಂಪ್ಯೂಟರ್ ತಾನಾಗಿ ನಿಲ್ಲುವುದೇಕೆ?

ಕೊಡಗಿನ ನಾಪೋಕ್ಲು ಕಡೆಯ ನಮ್ಮ ಮನೆಯ ಕಂಪ್ಯೂಟರ್ ಒಂದು ಫೆಬ್ರವರಿಯಲ್ಲಿ ಇದ್ದಕ್ಕಿದ್ದಂತೆ ನಿಲ್ಲತೊಡಗಿತು. ಒಮ್ಮೆ ತೋಟದ ಕೂಲಿ ಲೆಕ್ಕ ಬರೆಯುತ್ತಿದ್ದಾಗ, ಇನ್ನೊಮ್ಮೆ ಮಗಳು ಪರೀಕ್ಷೆಯ ಅರ್ಜಿ ತುಂಬುತ್ತಿದ್ದಾಗ. ಎಚ್ಚರಿಕೆಯಿಲ್ಲ, ಸದ್ದಿಲ್ಲ, ಪರದೆ ಕಪ್ಪಾಗುತ್ತಿತ್ತು, ಅಷ್ಟೇ. ಮಡಿಕೇರಿಯ ಅಂಗಡಿಯೊಂದಕ್ಕೆ ಒಯ್ದೆವು. ಅಲ್ಲಿ ಎರಡು ದಿನ ಬೆಳಗಿನಿಂದ ಸಂಜೆಯವರೆಗೆ ಓಡಿಸಿದರು, ಒಮ್ಮೆಯೂ ನಿಲ್ಲಲಿಲ್ಲ. ಮನೆಗೆ ತಂದ ದಿನವೇ ಸಂಜೆ ಏಳಕ್ಕೆ ನಿಂತಿತು. ಮತ್ತೆ ಒಯ್ದಾಗ, ಕೆಲಸ ನಡೆಯುವಾಗ ಬೇಕಾದದ್ದನ್ನು ನೆನಪಿಟ್ಟುಕೊಳ್ಳುವ ಭಾಗವಾದ ರ‍್ಯಾಮ್ ಬದಲಿಸಿ ಕೊಟ್ಟರು. ದುಡ್ಡು ಹೋಯಿತು, ತೊಂದರೆ ಹಾಗೆಯೇ ಉಳಿಯಿತು.

ಪಹಣಿ, ಬ್ಯಾಂಕು, ತೆರಿಗೆ, ಹೋಂಸ್ಟೇ ಬುಕಿಂಗ್, ಮಕ್ಕಳ ಪಾಠ ಎಲ್ಲವೂ ಕಂಪ್ಯೂಟರಿಗೆ ಬಂದಿರುವ ಈ ಕಾಲದಲ್ಲಿ ಕೊಡಗಿನ ಊರೂರಿನಲ್ಲೂ ಇಂಥ ಮಾತು ಕೇಳುತ್ತೇನೆ. ಬಿಡಿಭಾಗ ಬದಲಿಸುವ ಮೊದಲು ಮನೆಯವರೇ ಕಂಡುಕೊಳ್ಳಬಹುದಾದ ಸಂಗತಿಗಳು ಬಹಳ ಇವೆ. ಅದಕ್ಕೆ ಬೇಕಾದ ತಿಳಿವಳಿಕೆಯೂ ಅಂಥ ಕಷ್ಟದ್ದಲ್ಲ.

ಹೇಗೆ ನಿಂತಿತು ಎಂಬುದೇ ಮೊದಲ ಸುಳಿವು

"ಆಫ್ ಆಗುತ್ತದೆ" ಎಂದು ನಾವು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ಆದರೆ ನಿಲ್ಲುವ ರೀತಿ ಒಂದೇ ಅಲ್ಲ. ಪ್ಲಗ್ ಕಿತ್ತಂತೆ ಒಂದೇ ಏಟಿಗೆ ಸತ್ತರೆ ವಿದ್ಯುತ್ತಿನ ಅಥವಾ ಬಿಸಿಯ ತೊಂದರೆ ಇರುವ ಸಾಧ್ಯತೆ ಹೆಚ್ಚು. ನೀಲಿ ಪರದೆ ಬಂದು, ಇಂಗ್ಲಿಷಿನಲ್ಲಿ ಏನೋ ಬರೆದು, ಮತ್ತೆ ತಾನೇ ಶುರುವಾದರೆ ಅದು ವಿಂಡೋಸ್ ತಾನಾಗಿ ಕೈಚೆಲ್ಲಿದ್ದು. ಕಾರಣ ರ‍್ಯಾಮ್, ಡಿಸ್ಕ್ ಅಥವಾ ಡ್ರೈವರ್ ಎಂಬ ತಂತ್ರಾಂಶದಲ್ಲಿ ಇರಬಹುದು. ವಿಂಡೋಸ್ 11ರ ಹೊಸ ಆವೃತ್ತಿಗಳಲ್ಲಿ ಈ ಪರದೆ ಕಪ್ಪು ಬಣ್ಣದ್ದು, ಹಾಗಾಗಿ ಅಕ್ಷರಗಳಿವೆಯೇ ಎಂದು ನೋಡಿಕೊಳ್ಳಿ. ಇನ್ನು "ಶಟಿಂಗ್ ಡೌನ್" ಎಂದು ತೋರಿಸಿ ನಿಧಾನವಾಗಿ ಮುಚ್ಚಿಕೊಂಡರೆ ಯಾರೋ ಅಥವಾ ಯಾವುದೋ ತಂತ್ರಾಂಶ ಅದಕ್ಕೆ ಹಾಗೆ ಹೇಳಿದೆ ಎಂದರ್ಥ.

ಗೋಡೆಯ ಕ್ಯಾಲೆಂಡರಿನಲ್ಲೇ ಬರೆದಿಡಿ: ಯಾವ ದಿನ, ಎಷ್ಟು ಹೊತ್ತಿಗೆ, ಶುರು ಮಾಡಿ ಎಷ್ಟು ಹೊತ್ತಾಗಿತ್ತು, ಮನೆಯಲ್ಲಿ ಬೇರೆ ಏನು ನಡೆಯುತ್ತಿತ್ತು. ಕೊನೆಯದನ್ನು ಎಲ್ಲರೂ ಮರೆಯುತ್ತಾರೆ. ನಮ್ಮ ಕ್ಯಾಲೆಂಡರಿನಲ್ಲಿ ಏಳು ಸಾಲು ತುಂಬಿದಾಗ ಐದು ಸಾಲುಗಳು ಸಂಜೆ ಆರೂವರೆಯ ನಂತರದವಾಗಿದ್ದವು, ಮತ್ತು ಅವುಗಳಲ್ಲಿ ನಾಲ್ಕರ ಮುಂದೆ ನನ್ನ ಹೆಂಡತಿ ಬರೆದದ್ದು ಒಂದೇ ಮಾತು: "ಪಂಪ್ ಹಾಕಿದೆ."

ಪೆಟ್ಟಿಗೆಯೊಳಗಿನ ಪೆಟ್ಟಿಗೆ

ನಾವು ಸಿಪಿಯು ಎಂದು ಕರೆಯುವ ದೊಡ್ಡ ಪೆಟ್ಟಿಗೆಯ ಹೆಸರು ನಿಜವಾಗಿ ಕ್ಯಾಬಿನೆಟ್. ಸಿಪಿಯು ಎಂದರೆ ಅದರೊಳಗೆ, ಎಲ್ಲ ಭಾಗಗಳನ್ನೂ ಜೋಡಿಸುವ ಮದರ್‌ಬೋರ್ಡಿನ ಮೇಲೆ ಕೂತಿರುವ, ಬೆಂಕಿಪೊಟ್ಟಣದಷ್ಟು ಅಗಲದ ಪ್ರೊಸೆಸರ್. ಹಿಂಬದಿಯಲ್ಲಿ ಕರೆಂಟಿನ ವೈರು ಸಿಕ್ಕಿಸುವ ಜಾಗದ ಒಳಗೆ ಇನ್ನೊಂದು ಸಣ್ಣ ತಗಡಿನ ಪೆಟ್ಟಿಗೆ ಇದೆ. ಅದೇ ಎಸ್‌ಎಂಪಿಎಸ್. ಗೋಡೆಯಿಂದ ಬರುವ 230 ವೋಲ್ಟ್‌ನ ಎಸಿ ವಿದ್ಯುತ್ತನ್ನು ಕಂಪ್ಯೂಟರಿನ ಭಾಗಗಳು ತಡೆದುಕೊಳ್ಳಬಲ್ಲ 12, 5 ಮತ್ತು 3.3 ವೋಲ್ಟ್‌ಗಳ ಡಿಸಿಯಾಗಿ ಮಾಡುವುದು ಅದರ ಕೆಲಸ. 12 ವೋಲ್ಟ್ ಎಂದರೆ ಸುಮಾರು 11.4ರಿಂದ 12.6ರ ನಡುವೆಯೇ ಇರಬೇಕು. ಅದರಿಂದ ತೀರಾ ಆಚೆ ಹೋದರೆ ಭಾಗಗಳು ಸುಡಬಾರದೆಂದು ಎಸ್‌ಎಂಪಿಎಸ್ ಎಲ್ಲವನ್ನೂ ನಿಲ್ಲಿಸುತ್ತದೆ. ಆಫ್ ಆಗುವುದು ಎಷ್ಟೋ ಸಲ ಹೀಗೆ ರಕ್ಷಣೆಯ ಕ್ರಮವೇ ಆಗಿರುತ್ತದೆ.

ಎಸ್‌ಎಂಪಿಎಸ್ ಒಳಗೆ ಕೆಪಾಸಿಟರ್ ಎಂಬ ಭಾಗವಿದೆ. ಬಚ್ಚಲಲ್ಲಿ ನಲ್ಲಿಯ ಕೆಳಗೆ ಇಟ್ಟ ತಂಬಿಗೆಯಂತೆ ಅದು. ನೀರು ಒಂದು ಕ್ಷಣ ನಿಂತರೆ ತಂಬಿಗೆಯಲ್ಲಿ ಇದ್ದದ್ದು ಕೆಲಸಕ್ಕೆ ಬರುತ್ತದೆ. ಆದರೆ ಈ ತಂಬಿಗೆ ಬಲು ಚಿಕ್ಕದು: ಪೂರ್ತಿ ತುಂಬಿದ್ದರೂ 16–17 ಮಿಲಿಸೆಕೆಂಡಿಗೆ, ಅಂದರೆ ಒಂದು ಸೆಕೆಂಡಿನ ಅರವತ್ತನೇ ಒಂದು ಭಾಗಕ್ಕೆ ಸಾಲುವಷ್ಟು. ಅದಕ್ಕಿಂತ ದೀರ್ಘವಾಗಿ ಕರೆಂಟು ಮಿಟುಕಿದರೆ ಕಂಪ್ಯೂಟರ್ ನಿಲ್ಲುತ್ತದೆ.

ಸಾಲಿನ ಕೊನೆಯ ಮನೆ

ಗುಡ್ಡದ ಮೇಲಿನ ಟ್ಯಾಂಕಿನಿಂದ ಒಂದೇ ಪೈಪಿನಲ್ಲಿ ಹತ್ತು ಮನೆಗೆ ನೀರು ಬರುವುದನ್ನು ನೆನೆಸಿಕೊಳ್ಳಿ. ಮೇಲಿನ ಮನೆಗಳವರು ನಲ್ಲಿ ತಿರುಗಿಸಿದರೆ ಕೊನೆಯ ಮನೆಗೆ ದಾರದಂತೆ ಬರುತ್ತದೆ. ವಿದ್ಯುತ್ತಿನದೂ ಇದೇ ಕಥೆ. ನೀರಿನ ಒತ್ತಡ ಇದ್ದಂತೆ ಇಲ್ಲಿ ವೋಲ್ಟೇಜು. ಕೊಡಗಿನಲ್ಲಿ ಮನೆಗಳು ಒತ್ತಟ್ಟಿಗೆ ಇಲ್ಲ. ತೋಟ, ಗದ್ದೆ, ಕಾಡು ದಾಟಿ ಒಂದೊಂದು ಮನೆ. ಟ್ರಾನ್ಸ್‌ಫಾರ್ಮರಿನಿಂದ ಮನೆಗೆ ತಂತಿ ಉದ್ದವಾದಷ್ಟೂ, ಆ ತಂತಿಯ ಮೇಲಿನ ಹೊರೆ ಹೆಚ್ಚಿದಷ್ಟೂ ಕೊನೆಯ ಮನೆಗೆ ಸಿಗುವ ವೋಲ್ಟೇಜು ಕಡಿಮೆ. ಸಂಜೆ ಎಲ್ಲ ಮನೆಯ ದೀಪ, ಮಿಕ್ಸಿ, ಗೀಸರ್ ಒಟ್ಟಿಗೆ ಶುರುವಾಗುತ್ತವೆ. ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ಹೂ ಬರಿಸಲು ಸ್ಪ್ರಿಂಕ್ಲರ್ ಓಡಿಸುವ ಮೋಟಾರುಗಳೂ ಸೇರಿಕೊಳ್ಳುತ್ತವೆ. ಮೋಟಾರು ಓಡುತ್ತಿರುವಾಗ ಎಳೆಯುವುದಕ್ಕಿಂತ ಹಲವು ಪಟ್ಟು ಹೆಚ್ಚು ಕರೆಂಟನ್ನು ಶುರುವಾಗುವ ಕ್ಷಣದಲ್ಲಿ ಎಳೆಯುತ್ತದೆ, ಆ ಕ್ಷಣ ವೋಲ್ಟೇಜು ಕುಸಿಯುತ್ತದೆ.

ಇನ್ನೊಂದು ಸಂಗತಿ ನನಗೆ ತಡವಾಗಿ ತಿಳಿಯಿತು. ವೋಲ್ಟೇಜು ತಗ್ಗಿದಾಗ ಆ ತಂಬಿಗೆಯೂ ಪೂರ್ತಿ ತುಂಬಿರುವುದಿಲ್ಲ. ಅಗ್ಗದ ಎಸ್‌ಎಂಪಿಎಸ್‌ಗಳಲ್ಲಿ 230ರ ಬದಲು 160 ವೋಲ್ಟ್ ಬಂದರೆ ಕೂಡಿಟ್ಟ ಶಕ್ತಿ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಬೆಳಿಗ್ಗೆ ತಡೆದುಕೊಂಡ ಮಿಟುಕನ್ನೇ ಸಂಜೆ ತಡೆದುಕೊಳ್ಳಲಾಗದು. ಮೇಲಾಗಿ ಕಡಿಮೆ ವೋಲ್ಟೇಜಿನಲ್ಲಿ ಅಷ್ಟೇ ಕೆಲಸ ಮಾಡಲು ಹೆಚ್ಚು ಕರೆಂಟು ಎಳೆಯಬೇಕು, ಹಾಗಾಗಿ ಎಸ್‌ಎಂಪಿಎಸ್ ಹೆಚ್ಚು ಬಿಸಿಯಾಗುತ್ತದೆ.

ಹಿಂದೆ ಬುರುಡೆ ಬಲ್ಬು ಕೆಂಪಾಗಿ ಮಂಕಾದಾಗಲೇ ವೋಲ್ಟೇಜಿಲ್ಲ ಎಂದು ತಿಳಿಯುತ್ತಿತ್ತು. ಈಗಿನ ಎಲ್‌ಇಡಿ ಬಲ್ಬುಗಳಲ್ಲಿ ಹೆಚ್ಚಿನವು ಕಡಿಮೆ ವೋಲ್ಟೇಜಿನಲ್ಲೂ ಹಾಗೆಯೇ ಬೆಳಗುತ್ತವೆ. ದೀಪ ಚೆನ್ನಾಗಿ ಉರಿಯುತ್ತಿದೆ ಎಂದು ನಂಬಿ ಕೂರಬೇಡಿ. ಫ್ಯಾನು ನಿಧಾನವಾಗಿದೆಯೇ ನೋಡಿ. ಪ್ಲಗ್ ಪಾಯಿಂಟಿಗೆ ನೇರ ಸಿಕ್ಕಿಸುವ ವೋಲ್ಟೇಜು ಮೀಟರು ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅದನ್ನು ತಂದು ಸಿಕ್ಕಿಸಿದ ದಿನ ನಮ್ಮ ಮನೆಯಲ್ಲಿ ಬೆಳಿಗ್ಗೆ ಹತ್ತಕ್ಕೆ 224 ಇತ್ತು, ಸಂಜೆ ಏಳಕ್ಕೆ 178. ಪಂಪ್ ಹಾಕಲು ಹೇಳಿ ಮೀಟರಿನ ಮುಂದೆ ಕೂತೆ. ಅಂಕಿ 149ಕ್ಕೆ ಬಿತ್ತು, ಪಕ್ಕದಲ್ಲಿದ್ದ ಪರದೆ ಕಪ್ಪಾಯಿತು, ಮರುಕ್ಷಣ ಮೀಟರು 171 ತೋರಿಸುತ್ತಿತ್ತು. ದೀಪ ಅಲುಗಲೂ ಇಲ್ಲ.

ಎಸ್‌ಎಂಪಿಎಸ್ ಮೇಲೆ ಅಂಟಿಸಿದ ಚೀಟಿಯಲ್ಲಿ ಇನ್‌ಪುಟ್ ಎಂಬಲ್ಲಿ 100–240 ಎಂದಿದ್ದರೆ ಅದು ಕಡಿಮೆ ವೋಲ್ಟೇಜನ್ನೂ ತಾಳುತ್ತದೆ. ನಮ್ಮದರ ಮೇಲೆ 200–240 ಎಂದಿತ್ತು. ಮಡಿಕೇರಿಯ ಅಂಗಡಿಯಲ್ಲಿ ಸರಿಯಾಗಿ ಓಡಿದ್ದು, ಮನೆಯಲ್ಲಿ ನಿಂತದ್ದು ಏಕೆಂದು ಆ ಒಂದು ಸಾಲು ಓದಿದಾಗ ಅರ್ಥವಾಯಿತು. ಅದೇ ಚೀಟಿಯಲ್ಲಿ 12 ವೋಲ್ಟ್‌ನ ಮುಂದೆ ಎಷ್ಟು ಆಂಪಿಯರ್ ಎಂದಿದೆಯೋ ಅದನ್ನು 12ರಿಂದ ಗುಣಿಸಿ. 16 ಆಂಪಿಯರ್ ಇದ್ದರೆ 192 ವಾಟ್. ಹೊರಗೆ 450 ಎಂದು ದೊಡ್ಡದಾಗಿ ಬರೆದಿದ್ದರೂ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್‌ಗಳಿಗೆ ಮುಖ್ಯವಾಗಿ ಸಿಗುವುದು ಈ 192. ಹಳೆಯ ಕೆಲವು ಎಸ್‌ಎಂಪಿಎಸ್‌ಗಳ ಹಿಂದೆ 115 ಮತ್ತು 230 ಎಂದು ಬರೆದ ಕೆಂಪು ಸ್ವಿಚ್ ಇರುತ್ತದೆ. ಕಡಿಮೆ ವೋಲ್ಟೇಜಿಗೆ ಮದ್ದೆಂದು ಅದನ್ನು ಮುಟ್ಟಲೇಬೇಡಿ. 115ಕ್ಕೆ ತಿರುಗಿಸಿದ್ದರೆ 230 ಬಂದ ಕೂಡಲೇ ಸಿಡಿಯುತ್ತದೆ.

ವೋಲ್ಟೇಜು ದಿನವೂ ಹೀಗೆ ಇಳಿಯುತ್ತಿದ್ದರೆ ಲೈನಿನ ದೋಷವೂ ಇರಬಹುದು. ಕಂಬದ ಮೇಲಿನ ಜೋಡಣೆ ಸಡಿಲಾಗಿದ್ದರೆ, ಕೊಂಬೆ ತಾಗುತ್ತಿದ್ದರೆ ಅದನ್ನು ಲೈನ್‌ಮನ್ ಮಾತ್ರ ಸರಿಪಡಿಸಬಲ್ಲರು. 1912ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಪಡೆಯಿರಿ. ಮನೆಯ ಕೆಲವು ದೀಪಗಳು ಮಂಕಾಗಿ, ಕೆಲವು ಎಂದಿಗಿಂತ ಪ್ರಖರವಾಗಿ ಉರಿದರೆ ಮಾತ್ರ ಕಾಯಬೇಡಿ, ತಕ್ಷಣ ಮೇನ್ ಸ್ವಿಚ್ ಆಫ್ ಮಾಡಿ. ನ್ಯೂಟ್ರಲ್ ತಂತಿ ಕಡಿದಾಗ ಹೀಗಾಗುತ್ತದೆ, ಮೂರು ಫೇಸ್ ಇರುವ ಮನೆಯಲ್ಲಿ ಕೆಲವು ಪಾಯಿಂಟುಗಳಿಗೆ 400 ವೋಲ್ಟ್‌ನ ಹತ್ತಿರದವರೆಗೂ ಬರಬಹುದು.

ಇನ್ವರ್ಟರಿನ ಹಿಂದಿನ ಸಣ್ಣ ಸ್ವಿಚ್

"ನಮ್ಮಲ್ಲಿ ಇನ್ವರ್ಟರ್ ಇದೆಯಲ್ಲ, ಕರೆಂಟು ಹೋದರೂ ಕಂಪ್ಯೂಟರ್ ನಿಲ್ಲಬಾರದಲ್ಲ" ಎನ್ನುವವರು ಬಹಳ. ಅನೇಕ ಇನ್ವರ್ಟರುಗಳ ಹಿಂದೆ ಯುಪಿಎಸ್ ಮತ್ತು ನಾರ್ಮಲ್ ಅಥವಾ ಇಕೋ ಎಂದು ಬರೆದ ಒಂದು ಸ್ವಿಚ್ ಇರುತ್ತದೆ. ನಾರ್ಮಲ್‌ನಲ್ಲಿದ್ದರೆ ಕರೆಂಟಿನಿಂದ ಬ್ಯಾಟರಿಗೆ ಬದಲಾಗಲು ಅದು ತೆಗೆದುಕೊಳ್ಳುವ ಸಮಯ ಫ್ಯಾನಿಗೆ, ದೀಪಕ್ಕೆ ತಿಳಿಯದಷ್ಟು ಕಡಿಮೆ, ಆದರೆ ಎಸ್‌ಎಂಪಿಎಸ್‌ನ ತಂಬಿಗೆ ಬರಿದಾಗುವಷ್ಟು ಹೆಚ್ಚು. ಜೊತೆಗೆ ಆ ಸ್ಥಿತಿಯಲ್ಲಿ ವೋಲ್ಟೇಜು 110, 120ಕ್ಕೆ ಇಳಿದರೂ ಇನ್ವರ್ಟರ್ ಬ್ಯಾಟರಿಗೆ ಹೋಗದೆ ಅದನ್ನೇ ಮುಂದೆ ಕಳಿಸುತ್ತಿರುತ್ತದೆ. ಯುಪಿಎಸ್ ಸ್ಥಿತಿಯಲ್ಲಿ ಸಾಮಾನ್ಯವಾಗಿ 180ರ ಕೆಳಗಿಳಿದರೆ ಬ್ಯಾಟರಿಗೆ ಬದಲಾಗುತ್ತದೆ, ಬದಲಾವಣೆಯೂ ಬೇಗ. ವೋಲ್ಟೇಜು ಸದಾ ಕಡಿಮೆ ಇರುವ ಮನೆಗಳಲ್ಲಿ ಬ್ಯಾಟರಿ ಬೇಗ ಬರಿದಾಗುತ್ತದೆ ಎಂದು ಇದನ್ನು ನಾರ್ಮಲ್‌ಗೆ ಹಾಕಿ ಹೋಗಿರುತ್ತಾರೆ, ಅದಕ್ಕೂ ಕಾರಣವಿದೆ. ಅಂಥಲ್ಲಿ ಕಂಪ್ಯೂಟರಿಗೆ ಬೇರೆಯೇ, ಕರೆಂಟು ಹೋದ ಕೂಡಲೇ ತನ್ನ ಬ್ಯಾಟರಿಯಿಂದ ವಿದ್ಯುತ್ತು ಕೊಡುವ ಒಂದು ಸಣ್ಣ ಯುಪಿಎಸ್ ಇಡುವುದು ಒಳ್ಳೆಯದು. ಚೌಕ ಅಲೆಯ ಹಳೆಯ ಇನ್ವರ್ಟರಿನಲ್ಲಿ ಕೆಲವು ಹೊಸ ಎಸ್‌ಎಂಪಿಎಸ್‌ಗಳು ಓಡುವುದೇ ಇಲ್ಲ, ಗೋಡೆಯ ಕರೆಂಟಿನಂತೆ ನಯವಾಗಿ ಏರಿಳಿಯುವ ಸೈನ್ ವೇವ್ ಇನ್ವರ್ಟರ್ ಬೇಕು.

ಯುಪಿಎಸ್ ಇದ್ದೂ ಕಂಪ್ಯೂಟರ್ ನಿಲ್ಲುತ್ತಿದ್ದರೆ ಮೊದಲು ಸಂಶಯಪಡಬೇಕಾದದ್ದು ಅದರ ಬ್ಯಾಟರಿಯನ್ನು. ಒಳಗಿನ 12 ವೋಲ್ಟ್ ಬ್ಯಾಟರಿಗೆ ಎರಡರಿಂದ ನಾಲ್ಕು ವರ್ಷ ಆಯಸ್ಸು. ಕೆಲಸವನ್ನೆಲ್ಲ ಸೇವ್ ಮಾಡಿ, ಗೋಡೆಯ ಸ್ವಿಚ್ ಆಫ್ ಮಾಡಿ ನೋಡಿ. ಕೆಲವು ನಿಮಿಷವೂ ಓಡದಿದ್ದರೆ ಬ್ಯಾಟರಿ ಬದಲಿಸಿ. ಲೇಸರ್ ಪ್ರಿಂಟರನ್ನು ಯುಪಿಎಸ್‌ಗೆ ಜೋಡಿಸಬೇಡಿ. ಅದು ಬಿಸಿಯಾಗುವಾಗ ಎಳೆಯುವ ಕರೆಂಟಿಗೆ ಯುಪಿಎಸ್ ಮುಗ್ಗರಿಸುತ್ತದೆ.

ಕಂಬಳಿ ಹೊದ್ದ ಪ್ರೊಸೆಸರ್

ವಿದ್ಯುತ್ತು ಸರಿಯಿದ್ದೂ ನಿಲ್ಲುತ್ತಿದ್ದರೆ ಬಿಸಿಯನ್ನು ನೋಡಬೇಕು. ಬಿಸಿಯಿಂದ ನಿಲ್ಲುವುದಕ್ಕೆ ಒಂದು ಗುರುತಿದೆ: ಶುರು ಮಾಡಿದ ಅರ್ಧ, ಮುಕ್ಕಾಲು ಗಂಟೆಗೆ ನಿಲ್ಲುತ್ತದೆ. ಕೂಡಲೇ ಮತ್ತೆ ಹಾಕಿದರೆ ಐದೇ ನಿಮಿಷಕ್ಕೆ ನಿಲ್ಲುತ್ತದೆ. ಒಂದು ತಾಸು ಬಿಟ್ಟು ಹಾಕಿದರೆ ಮತ್ತೆ ಅರ್ಧ ಗಂಟೆ ಓಡುತ್ತದೆ. ವಿಡಿಯೊ ನೋಡುವಾಗ, ಆಟವಾಡುವಾಗ ಬೇಗ. ಬರೀ ಪತ್ರ ಬರೆಯುವಾಗ ತಡ.

ಪ್ರೊಸೆಸರ್ ಮೇಲೆ ಹೀಟ್‌ಸಿಂಕ್ ಎಂಬ ಲೋಹದ ರೆಕ್ಕೆಗಳಿವೆ, ಅದರ ಮೇಲೆ ಫ್ಯಾನ್. ರೆಕ್ಕೆಗಳು ಬಿಸಿಯನ್ನು ಎಳೆದುಕೊಳ್ಳುತ್ತವೆ, ಗಾಳಿ ಅದನ್ನು ಹೊರಗೊಯ್ಯುತ್ತದೆ. ನಡುವೆ ಧೂಳು ಕೂತರೆ ಕಂಬಳಿ ಹೊದ್ದಂತೆ. ಕಂಬಳಿ ನಮ್ಮನ್ನು ಬೆಚ್ಚಗಿಡುವುದು ಅದರ ನೂಲುಗಳ ನಡುವೆ ಸಿಕ್ಕಿಬಿದ್ದ ಗಾಳಿಯಿಂದ, ಧೂಳಿನದೂ ಅದೇ ಕೆಲಸ. ಸೋಮವಾರಪೇಟೆ ಹತ್ತಿರದ ನಂಟರ ಮನೆಯಲ್ಲಿ ಅಂಥದೊಂದು ಕ್ಯಾಬಿನೆಟ್ ತೆರೆದಿದ್ದೆ. ಕಂಪ್ಯೂಟರ್ ಇದ್ದದ್ದು ಅಡುಗೆಮನೆಯ ಪಕ್ಕದ ಕೋಣೆಯಲ್ಲಿ. ಸೌದೆ ಒಲೆಯ ಹೊಗೆಯ ಜಿಡ್ಡು, ಕಣದಿಂದ ಹಾರಿ ಬಂದ ಕಾಫಿ ಸಿಪ್ಪೆಯ ಪುಡಿ, ನಾಯಿಯ ಕೂದಲು, ಮೊದಲ ಮಳೆಗೆ ದೀಪಕ್ಕೆ ಮುತ್ತಿದ ಗೆದ್ದಲುಹುಳುಗಳ ರೆಕ್ಕೆ ಎಲ್ಲ ಸೇರಿ ಫ್ಯಾನಿನ ಕೆಳಗೆ ಬೂದು ಬಣ್ಣದ ದಪ್ಪ ಪದರವಾಗಿತ್ತು. ಬೆರಳಲ್ಲಿ ಹಿಡಿದೆತ್ತಿದರೆ ಬಟ್ಟೆಯ ತುಂಡಿನಂತೆ ಇಡಿಯಾಗಿ ಬಂತು. ಫ್ಯಾನು ತಿರುಗುತ್ತಲೇ ಇತ್ತು, ಗಾಳಿ ಮಾತ್ರ ರೆಕ್ಕೆಗಳನ್ನು ಮುಟ್ಟುತ್ತಿರಲಿಲ್ಲ.

ಪ್ರೊಸೆಸರಿನ ಬಿಸಿ ತೋರಿಸುವ ಉಚಿತ ತಂತ್ರಾಂಶಗಳಿವೆ. ಸುಮ್ಮನಿದ್ದಾಗ 35ರಿಂದ 50 ಡಿಗ್ರಿ, ಕೆಲಸ ಮಾಡುವಾಗ 60ರಿಂದ 85 ಡಿಗ್ರಿ ಸೆಲ್ಸಿಯಸ್ ಇದ್ದರೆ ಚಿಂತೆಯಿಲ್ಲ. ಹೆಚ್ಚಿನ ಪ್ರೊಸೆಸರುಗಳು 95, 100ರ ಹತ್ತಿರ ಬಂದಾಗ ಮೊದಲು ತಮ್ಮ ವೇಗ ತಗ್ಗಿಸಿಕೊಳ್ಳುತ್ತವೆ, ಆಗಲೂ ಇಳಿಯದಿದ್ದರೆ ಸುಟ್ಟುಹೋಗದಂತೆ ಒಮ್ಮೆಲೇ ನಿಂತುಬಿಡುತ್ತವೆ. ನಿಲ್ಲುವ ಮುನ್ನ ಕೆಲವು ನಿಮಿಷ ಎಲ್ಲವೂ ನಿಧಾನವಾಗಿದ್ದರೆ ಅದಕ್ಕೆ ಇದೇ ಕಾರಣ.

ಶುಚಿ ಮಾಡುವಾಗ ವೈರನ್ನು ಗೋಡೆಯಿಂದ ಕಿತ್ತು, ಪವರ್ ಬಟನ್ನನ್ನು ಹತ್ತು ಸೆಕೆಂಡು ಒತ್ತಿ ಹಿಡಿಯಿರಿ. ಉಳಿದ ವಿದ್ಯುತ್ತಿನ ಬಹುಪಾಲು ಹೀಗೆ ಖಾಲಿಯಾಗುತ್ತದೆ. ಫ್ಯಾನನ್ನು ಬೆರಳಿನಿಂದ ಹಿಡಿದುಕೊಂಡು ಬ್ಲೋವರ್ ಹೊಡೆಯಿರಿ, ಇಲ್ಲದಿದ್ದರೆ ಅದು ಅತಿವೇಗವಾಗಿ ತಿರುಗಿ ಕೆಡುತ್ತದೆ. ಎಸ್‌ಎಂಪಿಎಸ್ ಅನ್ನು ಮಾತ್ರ ಬಿಚ್ಚಬೇಡಿ. ಅದರ ಕೆಪಾಸಿಟರಿನಲ್ಲಿ 300 ವೋಲ್ಟ್‌ಗಿಂತಲೂ ಹೆಚ್ಚು ಕೂಡಿರುತ್ತದೆ, ಪ್ಲಗ್ ಕಿತ್ತ ಮೇಲೂ ಕೆಲಹೊತ್ತು ಅದು ಜೀವಕ್ಕೇ ಅಪಾಯ. ಧೂಳು ತೆಗೆದರೂ ಬಿಸಿ ಇಳಿಯದಿದ್ದರೆ ಪ್ರೊಸೆಸರ್ ಮತ್ತು ಹೀಟ್‌ಸಿಂಕ್ ನಡುವಿನ ಥರ್ಮಲ್ ಪೇಸ್ಟ್ ಒಣಗಿರಬಹುದು. ಅದನ್ನು ಅಂಗಡಿಯಲ್ಲಿ ಹೊಸದಾಗಿ ಹಚ್ಚಿಕೊಡುತ್ತಾರೆ.

ಕಕ್ಕಡದ ತೇವ

ಕಕ್ಕಡ ಎಂದರೆ ಕೊಡಗಿನ ಜೋರು ಮಳೆಯ ತಿಂಗಳು. ಜುಲೈ, ಆಗಸ್ಟಿನಲ್ಲಿ ಬೀರುವಿನ ಬಟ್ಟೆಗೇ ಬೂಷ್ಟು ಹಿಡಿಯುವ ಊರು ನಮ್ಮದು. ರ‍್ಯಾಮ್ ಪಟ್ಟಿಯ ಅಂಚಿನಲ್ಲಿ ಚಿನ್ನದ ಬಣ್ಣದ ಸಣ್ಣ ಹಲ್ಲುಗಳಿವೆ. ಅವು ಮತ್ತು ಅವು ಕೂರುವ ಸಂದಿಯ ನಡುವೆ ಮಂಕು ಕಟ್ಟಿದರೆ ಸಂಪರ್ಕ ಬಿಟ್ಟು ಬಿಟ್ಟು ಸಿಗುತ್ತದೆ, ನೀಲಿ ಪರದೆ ಬರುತ್ತದೆ, ಇಲ್ಲವೇ ಶುರುವಾಗುವುದೇ ಇಲ್ಲ. ವೈರು ಕಿತ್ತು, ಕ್ಯಾಬಿನೆಟ್ಟಿನ ಬರಿ ಲೋಹವನ್ನು ಒಮ್ಮೆ ಮುಟ್ಟಿ, ರ‍್ಯಾಮ್ ತೆಗೆದು ಮಕ್ಕಳ ಬಿಳಿ ರಬ್ಬರಿನಿಂದ ಆ ಹಲ್ಲುಗಳನ್ನು ಮೆಲ್ಲಗೆ ಉಜ್ಜಿ, ಪುಡಿ ಊದಿ, ಕ್ಲಿಕ್ ಎನ್ನುವಂತೆ ಮತ್ತೆ ಕೂರಿಸಿ. ಮಳೆಗಾಲದಲ್ಲಿ ದಿನಕ್ಕೆ ಅರ್ಧ ಗಂಟೆಯಾದರೂ ಕಂಪ್ಯೂಟರ್ ಓಡಿಸಿದರೆ ಅದರದೇ ಬಿಸಿಗೆ ತೇವ ಆರುತ್ತದೆ. ಮಳೆ ಬಡಿಯುವ ಹೊರಗೋಡೆಗೆ ತಾಗಿಸಿ ಇಡಬೇಡಿ. ಬೆಚ್ಚಗಿದೆ ಎಂದು ಇರುವೆ, ಹಲ್ಲಿಗಳೂ ಒಳಸೇರುತ್ತವೆ. ಹಿಂಬದಿಯ ಖಾಲಿ ಕಿಂಡಿಗಳಿಗೆ ತಗಡಿನ ಪಟ್ಟಿ ಹಾಕಿಸಿ.

ಏಪ್ರಿಲ್, ಮೇ ತಿಂಗಳ ಗುಡುಗಿಗೆ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೂ ಇಂಟರ್ನೆಟ್ ಕೇಬಲನ್ನೂ ಕೀಳಬೇಕು. ಗುಡುಗು ಹತ್ತಿರ ಬರುವ ಮೊದಲೇ ಕೀಳಿ.

ಲ್ಯಾಪ್‌ಟಾಪ್ ಆದರೆ

ಲ್ಯಾಪ್‌ಟಾಪಿಗೆ ಬ್ಯಾಟರಿ ಇರುವುದರಿಂದ ಕರೆಂಟಿನ ಮಿಟುಕು ಅದನ್ನು ನಿಲ್ಲಿಸಲಾರದು. ಚಾರ್ಜರ್ ಹಾಕಿದ್ದೂ ಕರೆಂಟು ಮಿಟುಕಿದಾಗಲೆಲ್ಲ ನಿಲ್ಲುತ್ತಿದ್ದರೆ ಬ್ಯಾಟರಿ ಸತ್ತಿದೆ ಎಂದೇ ತಿಳಿಯಿರಿ. 30 ಶೇಕಡಾ ಇದೆ ಎಂದು ತೋರಿಸುತ್ತಲೇ ನಿಂತರೂ ಅದೇ. ಹಾಸಿಗೆಯ ಮೇಲಿಟ್ಟು ಬಳಸಿದರೆ ಕೆಳಗಿನ ಗಾಳಿಕಿಂಡಿ ಮುಚ್ಚಿ ಬಿಸಿಯಾಗಿ ನಿಲ್ಲುತ್ತದೆ. ಕೀಲಿಮಣೆ ಉಬ್ಬಿದಂತೆ ಕಂಡರೆ ಒಳಗೆ ಬ್ಯಾಟರಿ ಊದಿಕೊಂಡಿರಬಹುದು. ಚಾರ್ಜ್ ಮಾಡಬೇಡಿ, ಒತ್ತಬೇಡಿ, ಚುಚ್ಚಬೇಡಿ, ಅದು ಹೊತ್ತಿಕೊಳ್ಳಬಲ್ಲದು.

ಕಂಪ್ಯೂಟರ್ ಬರೆದಿಟ್ಟ ದಿನಚರಿ

ವಿಂಡೋಸ್ ತನ್ನ ಆಗುಹೋಗುಗಳನ್ನು ತಾನೇ ಬರೆದಿಡುತ್ತದೆ. ಹುಡುಕುವ ಪಟ್ಟಿಯಲ್ಲಿ ಇಂಗ್ಲಿಷಿನಲ್ಲಿ ಇವೆಂಟ್ ವ್ಯೂವರ್ ಎಂದು ಟೈಪ್ ಮಾಡಿ, ವಿಂಡೋಸ್ ಲಾಗ್ಸ್, ಅದರೊಳಗೆ ಸಿಸ್ಟಮ್ ತೆರೆಯಿರಿ. ನಿಂತ ಹೊತ್ತಿನ ಆಸುಪಾಸಿನ ಸಾಲುಗಳಲ್ಲಿ 1074 ಎಂಬ ಸಂಖ್ಯೆಯಿದ್ದರೆ ಯಾರೋ ಅಥವಾ ಅಪ್‌ಡೇಟಿನಂಥ ತಂತ್ರಾಂಶ ಕ್ರಮಬದ್ಧವಾಗಿ ಮುಚ್ಚಿದೆ, ಹೆಸರೂ ಅಲ್ಲೇ ಇರುತ್ತದೆ. 6008 ಅಥವಾ ಕರ್ನಲ್ ಪವರ್ 41 ಎಂದಿದ್ದರೆ ಸರಿಯಾಗಿ ಮುಚ್ಚದೆ ನಿಂತಿತು ಎಂದರ್ಥ. ಈ 41 ಅನ್ನು ನೋಡಿ ಗಾಬರಿಯಾಗುವವರಿದ್ದಾರೆ. ಅದು ಕಾರಣವಲ್ಲ, ಮತ್ತೆ ಎದ್ದ ಮೇಲೆ "ನಾನು ಬಿದ್ದಿದ್ದೆ" ಎಂದು ಬರೆದ ಟಿಪ್ಪಣಿ ಮಾತ್ರ. ಅದರ ವಿವರದಲ್ಲಿ ಬಗ್‌ಚೆಕ್ ಕೋಡ್ ಎಂಬ ದೋಷದ ಸಂಖ್ಯೆ ಸೊನ್ನೆ ಇದ್ದರೆ ವಿಂಡೋಸಿಗೆ ದೋಷ ಬರೆಯಲೂ ಸಮಯ ಸಿಕ್ಕಿಲ್ಲ. ವಿದ್ಯುತ್ತು, ಬಿಸಿಗಳ ಕಡೆ ನೋಡಿ. ಬೇರೆ ಸಂಖ್ಯೆ ಇದ್ದರೆ ಅದನ್ನು ಬರೆದಿಟ್ಟುಕೊಂಡು, ವಿಂಡೋಸ್‌ನಲ್ಲೇ ಇರುವ ಮೆಮೊರಿ ಡಯಾಗ್ನೋಸ್ಟಿಕ್‌ನಿಂದ ರ‍್ಯಾಮ್ ಪರೀಕ್ಷಿಸಿ.

ಅಂಗಡಿಗೆ ಒಯ್ಯುವ ಮುನ್ನ

ಮೊದಲು ಮುಖ್ಯ ಕಡತಗಳನ್ನು ಪೆನ್‌ಡ್ರೈವಿಗೆ ನಕಲು ಮಾಡಿ. ಬರೆಯುತ್ತಿರುವಾಗ ಕರೆಂಟು ಹೋದರೆ ಕಡತ ಕೆಡುತ್ತದೆ, ಹಲವು ಬಾರಿ ಹೀಗಾದರೆ ಡಿಸ್ಕಿಗೂ ಪೆಟ್ಟು. ವೈರನ್ನು ಬೇರೆ ಪ್ಲಗ್ ಪಾಯಿಂಟಿಗೆ ನೇರವಾಗಿ ಹಾಕಿ ಒಂದು ದಿನ ನೋಡಿ. ಸಡಿಲಾದ ಎಕ್ಸ್‌ಟೆನ್ಷನ್ ಬೋರ್ಡ್ ಕೂಡ ಇಷ್ಟೆಲ್ಲ ಕಾಟ ಕೊಡಬಲ್ಲದು. ಆಮೇಲೆ ಕ್ಯಾಲೆಂಡರಿನ ಸಾಲುಗಳನ್ನೂ ಮೀಟರಿನ ಅಂಕಿಗಳನ್ನೂ ಚೀಟಿಯಲ್ಲಿ ಬರೆದು ಅಂಗಡಿಯವರಿಗೆ ಕೊಡಿ. ಅವರು ನೋಡುವುದು ಅಂಗಡಿಯ ಕರೆಂಟಿನಲ್ಲಿ ಓಡುವ ಕಂಪ್ಯೂಟರನ್ನು, ನಿಮ್ಮ ಮನೆಯ ಸಂಜೆ ಅವರಿಗೆ ಕಾಣದು. ಯಾವ ಭಾಗ ಬದಲಿಸಿದರೂ ಹಳೆಯದನ್ನು ಕೇಳಿ ಪಡೆಯಿರಿ.

ನಾವು 100–240 ಎಂದು ಬರೆದ ಎಸ್‌ಎಂಪಿಎಸ್ ಹಾಕಿಸಿದೆವು, ವೋಲ್ಟೇಜನ್ನು ಸರಿದೂಗಿಸುವ ಯುಪಿಎಸ್ ಒಂದನ್ನು ತಂದೆವು. ಆ ಮೇಲೆ ಪಂಪ್ ಹಾಕಿದಾಗ ಯುಪಿಎಸ್ ಒಮ್ಮೆ ಟಕ್ ಎನ್ನುತ್ತದೆ, ಲೆಕ್ಕ ಮುಂದುವರಿಯುತ್ತದೆ. ಕೆಟ್ಟಿದೆ ಎಂದು ತೆಗೆದಿದ್ದ ಹಳೆಯ ರ‍್ಯಾಮ್ ಪಟ್ಟಿಯನ್ನು ರಬ್ಬರಿನಿಂದ ಉಜ್ಜಿ ಎರಡನೆಯ ಸಂದಿಯಲ್ಲಿ ಕೂರಿಸಿದೆ. ಅದೂ ಈಗ ಹೊಸದರ ಪಕ್ಕದಲ್ಲೇ ಕೆಲಸ ಮಾಡುತ್ತಿದೆ.